ತೂಬು ತೆಗೆಯುವ ಅಪ್ಪಣೆ

ನಮ್ಮ ಕಡೆಯ ಅಜ್ಜಿಯರು ಎಳೆಗೂಸಿಗೆ ಒಂದಕ್ಕೆ ಹೋಗುವುದನ್ನು ಕಲಿಸುವ ರೀತಿಯನ್ನು ನೀವೂ ನೋಡಿರುತ್ತೀರಿ. ಬಚ್ಚಲಿನಲ್ಲಿ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿಕೊಂಡು ಕಾಲು ನೀಡಿ ಕೂರುತ್ತಾರೆ. ಪಾದಗಳನ್ನು ಕೊಂಚ ಅಗಲಿಸಿ, ಅವುಗಳ ಮೇಲೆ ಕೂಸನ್ನು ಕೂರಿಸಿ, ಕಂಕುಳಿಗೆ ಕೈ ಕೊಟ್ಟು ಹಿಡಿದು, ‘ಸ್ಸ್ಸ್’ ಎಂದು ಸಣ್ಣಗೆ ಸದ್ದು ಮಾಡುತ್ತಾರೆ. ಕೂಸು ಕೈಕಾಲು ಆಡಿಸುವುದನ್ನು ನಿಲ್ಲಿಸಿ ಒಂದು ಗಳಿಗೆ ಎತ್ತಲೋ ನೋಡುತ್ತದೆ. ಆಮೇಲೆ ಉಚ್ಚೆ ಹೊಯ್ಯುತ್ತದೆ. ನಿದ್ದೆಯಿಂದ ಎದ್ದಾಗ, ಹಾಲು ಕುಡಿದ ಸ್ವಲ್ಪ ಹೊತ್ತಿಗೆ, ದಿನವೂ ಇದೇ ಪಾಠ. ಕೆಲವು ವಾರ ಕಳೆಯುವುದರೊಳಗೆ ಆ ಸದ್ದು ಕಿವಿಗೆ ಬಿದ್ದರೆ ಸಾಕು, ಕೂಸಿನ ಮೈ ಅದಕ್ಕೆ ಓಗೊಡುತ್ತದೆ. ತೊಟ್ಟಿಲಲ್ಲಿ ಮಲಗಿದ ಮಗು ನಿದ್ದೆಗಣ್ಣಲ್ಲೇ ಮಿಸುಕಾಡಿದರೆ ‘ಒದ್ದೆ ಮಾಡ್ತದೆ, ಎತ್ತಿಕೋ’ ಎಂದು ಬಾಣಂತಿಗೆ ಹೇಳುವವರೂ ಇವರೇ. ಕೂಸಿನ ಉಚ್ಚೆ ಕೇವಲ ಬೆನ್ನುಹುರಿಯ ಕೆಲಸ, ಅದರಲ್ಲಿ ಮಿದುಳಿನ ಪಾತ್ರವೇ ಇಲ್ಲ ಎಂದು ವೈದ್ಯರ ಪುಸ್ತಕಗಳು ಬಹುಕಾಲ ಹೇಳುತ್ತಿದ್ದವು. ನವಜಾತ ಶಿಶುಗಳ ನಿದ್ದೆಯನ್ನು ಯಂತ್ರವಿಟ್ಟು ಗಮನಿಸಿದಾಗ, ಹೊಯ್ಯುವ ಮುನ್ನ ಅವು ಚೂರು ಎಚ್ಚರಗೊಳ್ಳುವುದು ಕಂಡುಬಂತು. ನಮ್ಮ ಅಜ್ಜಿಯರ ಕಣ್ಣು ಎಷ್ಟು ಸೂಕ್ಷ್ಮವಾಗಿತ್ತು ಎಂದು ನನಗೆ ಅವರ ಮೇಲಿನ ಗೌರವ ಹೆಚ್ಚಿದ್ದು ಆಗ.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ನಾನು ವಿಸರ್ಜನಾಂಗಗಳ ಪಾಠವನ್ನು ಪ್ರತಿ ವರ್ಷ ಮಾಡಿದವಳು. ಆ ಪಾಠದಲ್ಲಿ ಮೂತ್ರಪಿಂಡಕ್ಕೆ ಸಿಗುವ ಮರ್ಯಾದೆ ಮೂತ್ರಕೋಶಕ್ಕಿಲ್ಲ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ, ಅದರಲ್ಲಿ ಬಹುಪಾಲನ್ನು ಮೈಗೇ ಹಿಂದಿರುಗಿಸಿ ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಕ್ಕೆ ಕಳಿಸುತ್ತವೆ ಎಂದರೆ ಮಕ್ಕಳು ಬಾಯಿ ಬಿಟ್ಟು ಕೇಳುತ್ತಾರೆ. ಮೂತ್ರಕೋಶದ ಸರದಿ ಬಂದಾಗ ‘ಮೂತ್ರವನ್ನು ಸಂಗ್ರಹಿಸುವ ಚೀಲ’ ಎಂದು ಒಂದು ಸಾಲು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತೇವೆ. ಸಂಗ್ರಹಿಸುವುದು ಅಷ್ಟು ಸುಲಭದ ಕೆಲಸವೇ? ಇಪ್ಪತ್ನಾಲ್ಕು ಗಂಟೆಯಲ್ಲಿ ನಾವು ಮೂತ್ರ ಮಾಡುವ ಹೊತ್ತನ್ನೆಲ್ಲ ಕೂಡಿಸಿದರೆ ಕೆಲವೇ ನಿಮಿಷ. ಉಳಿದ ಅಷ್ಟೂ ಹೊತ್ತು ಆ ಅಂಗ ಮಾಡುವುದು ಒಂದೇ ಕೆಲಸ: ಕಾಯುವುದು. ನಾವು ನಿದ್ದೆ ಮಾಡುವಾಗಲೂ, ಸೀನುವಾಗಲೂ, ಬಸ್ಸು ಗುಂಡಿಗೆ ಬಿದ್ದು ಎದ್ದಾಗಲೂ, ಮೂರು ಮೆಟ್ಟಿಲು ಒಟ್ಟಿಗೆ ಹಾರುವಾಗಲೂ ಕಾಯುತ್ತಿರುತ್ತದೆ.

ಈ ಕಾಯುವ ಕೆಲಸ ಬಯಲುಸೀಮೆಯ ಕೆರೆಗಳನ್ನು ನನ್ನ ನೆನಪಿಗೆ ತರುತ್ತದೆ. ಕೆರೆಗೆ ಏರಿ, ಏರಿಗೆ ತೂಬು, ತೂಬು ನೋಡಿಕೊಳ್ಳಲು ಒಬ್ಬ ನೀರಗಂಟಿ. ತೂಬು ಎತ್ತುವವನು ನೀರಗಂಟಿಯೇ. ಆದರೆ ಊರ ಹಿರಿಯರು ಹೂಂ ಅನ್ನದೆ ಅವನು ಎತ್ತುವಂತಿಲ್ಲ. ನಮ್ಮ ಮೈಯೊಳಗಿನ ಏರ್ಪಾಟು ಹೆಚ್ಚುಕಡಿಮೆ ಹೀಗೇ ಇದೆ. ಚೀಲದ ಗೋಡೆಯೆಲ್ಲ ಡಿಟ್ರೂಸರ್ ಎಂಬ ಸ್ನಾಯು. ಕೆಳಗೆ ಬಾಯಿಯನ್ನು ಬಿಗಿಹಿಡಿಯುವ ಸ್ನಾಯುಗಳು ಎರಡು. ಒಳಗಿನದು ನಮ್ಮ ಮಾತು ಕೇಳದು, ಹೊರಗಿನದು ಕೇಳುತ್ತದೆ. ಬೆನ್ನುಹುರಿಯ ನಡುಭಾಗದಿಂದ ಸೊಂಟದ ಮೇಲ್ಭಾಗದವರೆಗಿನ ಮಟ್ಟದಲ್ಲಿ ಹೊರಡುವ ನರಗಳು ಚೀಲದ ಗೋಡೆಯನ್ನು ಸಡಿಲಿಸಿ, ಬಾಯಿಯನ್ನು ಬಿಗಿಯುತ್ತವೆ. ಹುರಿಯ ತೀರಾ ಕೆಳತುದಿಯಿಂದ ಹೊರಡುವ ನರಗಳು ಇದಕ್ಕೆ ತಿರುಗುಮುರುಗು, ಗೋಡೆಯನ್ನು ಹಿಂಡುತ್ತವೆ. ಅದೇ ಕೆಳತುದಿಯಿಂದ ಹೊರಗಿನ ಸ್ನಾಯುವಿಗೆ ಇನ್ನೊಂದು ನರ ಹೋಗುತ್ತದೆ. ‘ಸ್ವಲ್ಪ ತಡಿ’ ಎಂದು ನಾವು ಮನಸ್ಸಿನಲ್ಲೇ ಅಂದುಕೊಳ್ಳುವುದು ಈ ಮೂರನೆಯದಕ್ಕೆ. ಚೀಲ ತುಂಬುತ್ತಿದ್ದರೂ ಒಳಗಿನ ಒತ್ತಡ ಹೆಚ್ಚಾಗಿ ಏರುವುದಿಲ್ಲ, ಗೋಡೆ ಅಷ್ಟಷ್ಟೇ ಸಡಿಲಗೊಳ್ಳುತ್ತ ಹೋಗುತ್ತದೆ. 150-200 ಮಿಲಿಲೀಟರ್ ಆಗುವಾಗ ಮೊದಲ ಸುದ್ದಿ ಮೇಲಕ್ಕೆ ಮುಟ್ಟುತ್ತದೆ. ದೊಡ್ಡವರಲ್ಲಿ 400-500 ಆದಾಗ ಅದು ಸುದ್ದಿಯಾಗಿ ಉಳಿಯುವುದಿಲ್ಲ, ಒತ್ತಾಯವಾಗುತ್ತದೆ.

ನೀರಗಂಟಿ ಎಲ್ಲಿದ್ದಾನೆ ಎಂದು ಹುಡುಕಿ ತೆಗೆದವರು ಲಂಡನ್ನಿನ ಬ್ಯಾರಿಂಗ್ಟನ್ ಎಂಬ ಶಸ್ತ್ರವೈದ್ಯರು. ಬೆಕ್ಕುಗಳ ಮಿದುಳು ಕಾಂಡವನ್ನು ವರ್ಷಗಟ್ಟಲೆ ಪರೀಕ್ಷಿಸಿ, ಪಾನ್ಸ್ ಎಂಬ ಭಾಗದಲ್ಲಿ ಒಂದು ಪುಟ್ಟ ತಾಣವಿದೆ, ಅದು ಹಾಳಾದರೆ ಬೆಕ್ಕಿಗೆ ಚೀಲ ಖಾಲಿ ಮಾಡಲು ಆಗುವುದಿಲ್ಲ ಎಂದು 1925ರಲ್ಲಿ ಪ್ರಕಟಿಸಿದರು. ಆ ತಾಣಕ್ಕೆ ಈಗ ಅವರದೇ ಹೆಸರು. ಗೋಡೆ ಹಿಂಡುವುದು, ಬಾಯಿ ಸಡಿಲಿಸುವುದು, ಈ ಎರಡನ್ನೂ ಒಂದೇ ಗಳಿಗೆಯಲ್ಲಿ ಹೊಂದಿಸುವುದು ಅದರ ಕೆಲಸ. ಹಿಂಡುವಾಗ ಬಾಯಿ ಬಿಗಿಯಾಗಿಯೇ ಉಳಿದರೆ ಒತ್ತಡ ಹಿಂದಕ್ಕೆ, ಮೂತ್ರಪಿಂಡದ ಕಡೆಗೆ ಹೋಗುತ್ತದೆ. ಈ ಹೊಂದಾಣಿಕೆ ತಪ್ಪಿದವರ ಕಷ್ಟದ ಮಾತು ಮುಂದೆ ಬರುತ್ತದೆ.

ಹೂಂ ಅನ್ನುವ ಹಿರಿಯರು ಇರುವುದು ಹಣೆಯ ಹಿಂದಿನ ಮಿದುಳಿನಲ್ಲಿ. ಅವರಿಗೂ ನೀರಗಂಟಿಗೂ ನಡುವೆ, ಮಿದುಳಿನ ಒಳಭಾಗದಲ್ಲಿ, ಬೂದು ಬಣ್ಣದ ಇನ್ನೊಂದು ತಾಣವಿದೆ. ಚೀಲದಿಂದ ಬಂದ ಸುದ್ದಿ ಮೊದಲು ಅಲ್ಲಿಗೆ ಹೋಗುತ್ತದೆ. ಹೆದರಿಕೆ, ಅಪಾಯ, ಓಡಬೇಕೇ ನಿಲ್ಲಬೇಕೇ ಎಂಬ ತೀರ್ಮಾನಗಳಲ್ಲಿ ಕೈಯಾಡಿಸುವುದೂ ಅದೇ ತಾಣ. ಈ ನೆರೆಹೊರೆ ಗೊತ್ತಾದ ದಿನದಿಂದ ನಾನು ಈ ವಿಷಯವನ್ನು ನೋಡುವ ಬಗೆಯೇ ಬದಲಾಯಿತು. ಮೂತ್ರ ಮಾಡುತ್ತಿರುವ ಪ್ರಾಣಿ ಕೆಲವು ಗಳಿಗೆ ಓಡಲಾರದು, ಎದುರು ನಿಲ್ಲಲಾರದು. ಅದಕ್ಕೇ ಮಿದುಳು ಅಪ್ಪಣೆ ಕೊಡುವ ಮುನ್ನ ಒಂದು ಪ್ರಶ್ನೆ ಕೇಳುತ್ತದೆ: ಇದು ತಕ್ಕ ಜಾಗವೇ?

ನೆದರ್ಲೆಂಡ್ಸ್‌ನ ಗ್ರೋನಿಂಗನ್‌ನಲ್ಲಿ ನಡೆದು 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಈ ಪ್ರಶ್ನೆ ಕಣ್ಣಿಗೇ ಕಾಣುವಂತಾಯಿತು. ಹದಿನೇಳು ಗಂಡಸರು, ತಾವಾಗಿ ಒಪ್ಪಿ ಬಂದವರು. ಚೀಲ ತುಂಬಿಸಿಕೊಂಡು, ಮಿದುಳಿನ ರಕ್ತಸಂಚಾರ ತೋರಿಸುವ ಯಂತ್ರದೊಳಗೆ ಮಲಗಿ, ಹೇಳಿದಾಗ ಮೂತ್ರ ಮಾಡಬೇಕು. ಹತ್ತು ಜನರಿಗೆ ಆಯಿತು. ಅವರ ಪಾನ್ಸ್‌ನಲ್ಲಿ, ಬೆಕ್ಕುಗಳಲ್ಲಿ ಬ್ಯಾರಿಂಗ್ಟನ್ ತೋರಿಸಿದ್ದ ಜಾಗಕ್ಕೆ ಸರಿಹೊಂದುವಲ್ಲೇ ಚಟುವಟಿಕೆ ಕಂಡಿತು. ಏಳು ಜನರಿಗೆ ಎಷ್ಟು ಪ್ರಯತ್ನಿಸಿದರೂ ಆಗಲಿಲ್ಲ. ಅವರಲ್ಲಿ ಚುರುಕಾದದ್ದು ಪಾನ್ಸ್‌ನ ಇನ್ನೊಂದು ತಾಣ, ಬಾಯಿಯನ್ನು ಬಿಗಿಹಿಡಿಯುವಂಥದ್ದು. ಚೀಲ ತುಂಬಿತ್ತು, ಮನಸ್ಸಿತ್ತು, ಆರೋಗ್ಯವಿತ್ತು. ಅಪರಿಚಿತರ ನಡುವೆ ಯಂತ್ರದೊಳಗೆ ಮಲಗಿದ ಮೈ ಮಾತ್ರ ಒಪ್ಪಲಿಲ್ಲ. ಈ ಅಧ್ಯಯನದಲ್ಲಿ ನನಗೆ ಹೆಚ್ಚು ಕಲಿಸಿದವರು ಆ ಏಳು ಜನ.

ತಡೆಯುವುದಕ್ಕೂ ಒಂದು ಮಿತಿಯಿದೆ. ಬರಿಗಣ್ಣಿನಿಂದ ಗ್ರಹಗಳ ಚಲನೆಯನ್ನು ಅಷ್ಟು ಕರಾರುವಾಕ್ಕಾಗಿ ಅಳೆದ ಟೈಕೋ ಬ್ರಾಹೆ 1601ರ ಅಕ್ಟೋಬರ್ 13ರಂದು ಪ್ರಾಗ್ ನಗರದ ಒಂದು ಔತಣಕ್ಕೆ ಹೋಗಿದ್ದರು. ಊಟದ ನಡುವೆ ಏಳುವುದು ಅಗೌರವವೆಂದು, ಅವಸರವಿದ್ದರೂ ಕೂತೇ ಇದ್ದರು ಎಂದು ಅವರ ಜೊತೆ ಕೆಲಸ ಮಾಡುತ್ತಿದ್ದ ಕೆಪ್ಲರ್ ಬರೆದಿಟ್ಟಿದ್ದಾರೆ. ಮನೆಗೆ ಬಂದ ಮೇಲೆ ಮೂತ್ರ ಹೊರಡಲೊಲ್ಲದು. ಹನ್ನೊಂದನೆಯ ದಿನ ಅಸುನೀಗಿದರು. ವಿಷ ಹಾಕಿದ್ದರೆಂಬ ಗುಮಾನಿಯ ಮೇಲೆ 2010ರಲ್ಲಿ ಗೋರಿ ತೆರೆದು ಪರೀಕ್ಷಿಸಿದರು. ಸಾಯುವಷ್ಟು ಪಾದರಸವೇನೂ ಸಿಗಲಿಲ್ಲ. ಆ ಔತಣದ ಮೇಜಿನ ಬಳಿ ಯಾರಾದರೊಬ್ಬರು ‘ಎದ್ದು ಹೋಗಿ ಬನ್ನಿ’ ಎಂದಿದ್ದರೆ ಎಂದು ನನಗೆ ಆಗಾಗ ಅನ್ನಿಸುತ್ತದೆ.

ಟೈಕೋ ಸುದ್ದಿಯನ್ನು ಓದಿದಾಗಲೆಲ್ಲ ನನಗೆ ನೆನಪಾಗುವುದು ನಮ್ಮ ಶಾಲೆಯ ಹೆಣ್ಣುಮಕ್ಕಳು. ಹಳ್ಳಿಗಳಿಂದ ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದರು. ಬ್ಯಾಗಿನ ಬದಿಯ ಜೇಬಿನಲ್ಲಿ ನೀರಿನ ಬಾಟಲಿ, ಸಂಜೆಗೂ ಅದು ಕುತ್ತಿಗೆಯವರೆಗೆ ತುಂಬಿಯೇ ಇರುತ್ತಿತ್ತು. ‘ಯಾಕೆ ಕುಡಿಲಿಲ್ಲ?’ ಎಂದರೆ ಒಬ್ಬಳು ಇನ್ನೊಬ್ಬಳ ಮುಖ ನೋಡುತ್ತಿದ್ದಳು. ಶೌಚಾಲಯ ಇತ್ತು. ಬಾಗಿಲಿಗೆ ಒಳಗಿನಿಂದ ಚಿಲಕ ಇರಲಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಎಳೆದು ಹಿಡಿದು ನಿಲ್ಲಬೇಕು, ಅದೂ ಹುಡುಗರ ಆಟದ ಬಯಲಿನ ಎದುರಿಗೆ. ಗೆಳತಿ ಬಾರದ ದಿನ ಹೋಗುವುದೇ ಇಲ್ಲ. ಮಿದುಳು ಕೇಳುವ ಪ್ರಶ್ನೆಗೆ ಆ ಬಾಗಿಲು ‘ಇಲ್ಲ’ ಎಂದೇ ಉತ್ತರ ಕೊಡುತ್ತಿತ್ತು. ಕಿಬ್ಬೊಟ್ಟೆ ನೋವು, ಉರಿ, ಜ್ವರ ಎಂದು ರಜೆ ಹಾಕುವವರು ಯಾರು ಎಂದು ಹಾಜರಿ ಪುಸ್ತಕ ನೋಡಿದರೇ ತಿಳಿಯುತ್ತಿತ್ತು. ನೀರು ಕಮ್ಮಿ ಕುಡಿದರೆ ಮೂತ್ರ ಗಾಢವಾಗುತ್ತದೆ. ಕೋಶದಲ್ಲಿ ಹೆಚ್ಚು ಹೊತ್ತು ನಿಂತರೆ ಸೋಂಕಿಗೆ ಅನುಕೂಲ. ಹೆಣ್ಣುಮಕ್ಕಳ ಮೂತ್ರನಾಳ ಗಿಡ್ಡವಾದ್ದರಿಂದ ಅದು ಬೇಗ ಮೇಲೇರುತ್ತದೆ. ನಾವು ಕೆಲವು ಶಿಕ್ಷಕಿಯರು ಸೇರಿ ಎಲ್ಲಕ್ಕೂ ಮೊದಲು ಮಾಡಿಸಿದ್ದು ಚಿಲಕ. ಆಮೇಲೆ ಒಂದು ಅಡ್ಡಗೋಡೆ. ಪಾಠದ ನಡುವೆ ಯಾರಾದರೂ ಕಿರುಬೆರಳು ಎತ್ತಿದರೆ ‘ಈಗ ತಾನೇ ಬಿಡುವಿತ್ತಲ್ಲ’ ಎಂದು ಕೇಳುವ ಹಕ್ಕು ಮೇಷ್ಟರಿಗಿಲ್ಲ ಎಂದು ನಾನು ಇವತ್ತಿಗೂ ವಾದಿಸುತ್ತೇನೆ. ಬಂದೋಬಸ್ತಿಗೆ ನಿಂತ ಮಹಿಳಾ ಪೊಲೀಸರು, ಬಸ್ಸಿನ ಕಂಡಕ್ಟರ್ ಹೆಣ್ಣುಮಕ್ಕಳು, ಸಂತೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಸೊಪ್ಪು ಮಾರುವವರು, ಇವರೆಲ್ಲ ಅದೇ ಮುಚ್ಚಿದ ಬಾಟಲಿಯವರು. ತಡೆದುಕೊಳ್ಳುವ ಶಕ್ತಿ ಇದೆ ಎಂದು ಅದರ ಮೇಲೆ ಇಷ್ಟು ಭಾರ ಹೇರಬಾರದು.

ಕೊನೆಗೆ ಕಲಿತ ವಿದ್ಯೆ ಎಷ್ಟೋ ಸಲ ಮೊದಲು ಕೈಬಿಡುತ್ತದೆ. ನನ್ನ ಅತ್ತೆಗೆ ಲಕ್ವ ಹೊಡೆದು ಚೇತರಿಸಿಕೊಂಡ ಮೇಲೆ ಕೈಕಾಲು ಹೆಚ್ಚುಕಡಿಮೆ ಸರಿಹೋದವು, ಮಾತೂ ಬಂತು. ರಾತ್ರಿಯ ಈ ಒಂದು ಕಷ್ಟ ಉಳಿಯಿತು. ‘ಏಳ್ಬೇಕು ಅಂತ ಕಾಲು ಕೆಳಗಿಡೋದ್ರೊಳಗೆ ಆಗಿಹೋಯ್ತು, ತಂಗಿ’ ಎನ್ನುವಾಗ ನನ್ನ ಮುಖ ನೋಡುತ್ತಿರಲಿಲ್ಲ. ಮಿದುಳಿನ ಮುಂಭಾಗಕ್ಕೆ ಪೆಟ್ಟಾದವರ ಈ ತೊಂದರೆಯ ಬಗ್ಗೆ ಆಂಡ್ರ್ಯೂ ಮತ್ತು ನೇಥನ್ ಎಂಬ ವೈದ್ಯರು 1964ರಲ್ಲಿ ಬರೆದ ವರದಿಯಲ್ಲಿ ಒಂದು ಮಾತಿದೆ: ಈ ರೋಗಿಗಳು ನಾಚಿಕೆಗೆಟ್ಟವರಲ್ಲ, ತಮಗಾಗುತ್ತಿರುವುದು ಅವರಿಗೆ ಗೊತ್ತು, ಅದಕ್ಕಾಗಿ ಅವರು ಸಂಕಟಪಡುತ್ತಾರೆ. ಮನೆಯಲ್ಲಿ ವಯಸ್ಸಾದವರಿರುವ ಪ್ರತಿಯೊಬ್ಬರಿಗೂ ಇದನ್ನು ಓದಿ ಹೇಳಬೇಕು ಅನ್ನಿಸುತ್ತದೆ. ಸುದ್ದಿ ಮೇಲಕ್ಕೆ ಬರುತ್ತದೆ, ‘ತಡಿ’ ಎನ್ನುವ ದನಿ ಕೆಳಕ್ಕೆ ತಲುಪುವುದಿಲ್ಲ. ಅದರಲ್ಲಿ ಹಟವಿಲ್ಲ, ಸೋಮಾರಿತನವಿಲ್ಲ. ಇನ್ನೊಂದು ಮಾತು. ಮುದುಕರಲ್ಲಿ ನಡಿಗೆ ಎಳೆದಂತಾಗುವುದು, ಮರೆವು, ಮೂತ್ರ ತಡೆಯಲಾರದಿರುವುದು, ಮೂರೂ ಒಟ್ಟಿಗೆ ಕಾಣಿಸಿದರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಾಗಬೇಡಿ. ಮಿದುಳಿನೊಳಗೆ ನೀರು ಶೇಖರವಾಗಿಯೂ ಹೀಗಾಗುತ್ತದೆ. ಕೊಲಂಬಿಯಾದ ಹಕೀಮ್ ಎಂಬ ವೈದ್ಯರು 1965ರಲ್ಲಿ ಇದನ್ನು ಬೆಳಕಿಗೆ ತಂದರು. ಸಣ್ಣ ಕೊಳವೆ ಹಾಕಿ ಆ ನೀರನ್ನು ಹೊಟ್ಟೆಯ ಕಡೆಗೆ ಹರಿಸಿದರೆ ಎಷ್ಟೋ ಜನ ಚೇತರಿಸಿಕೊಳ್ಳುತ್ತಾರೆ.

ನಮ್ಮ ತೋಟಗಳಲ್ಲಿ ಅಡಿಕೆ ಕೊಯ್ಯುತ್ತಿದ್ದ ಒಬ್ಬ ಕೊನೆಗೌಡ ಮರದಿಂದ ಬಿದ್ದ. ಮಲೆನಾಡಿನಲ್ಲಿ ಇದು ಹೊಸ ಸುದ್ದಿಯಲ್ಲ. ಮಳೆಗೆ ಜಾರುವ ಮರ, ಕಾಲಿಗೆ ಹಗ್ಗದ ತಳೆ, ಸೊಂಟದಲ್ಲಿ ಕತ್ತಿ, ಒಂದು ಮರದಿಂದ ಇನ್ನೊಂದಕ್ಕೆ ಬಾಗಿಸಿ ದಾಟುವ ಅಭ್ಯಾಸ. ಬಿದ್ದವನಿಗೆ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ನೋಡಲು ಹೋದವರೆಲ್ಲ ‘ಇನ್ನು ನಡೀತಾನೋ ಇಲ್ಲೋ’ ಎಂದೇ ಮಾತಾಡಿದೆವು. ಅವನಿಗೆ ನಡಿಗೆಗಿಂತ ದೊಡ್ಡ ಕಷ್ಟ ಬೇರೆ ಇತ್ತು. ಬೆನ್ನುಹುರಿಗೆ ಪೆಟ್ಟು ಬಿದ್ದ ಮೊದಲ ಕೆಲವು ವಾರ ಮೂತ್ರಕೋಶ ಏನೂ ಮಾಡದೆ ಸುಮ್ಮನಿರುತ್ತದೆ, ತುಂಬುತ್ತಲೇ ಹೋಗುತ್ತದೆ. ಆಮೇಲೆ, ಪೆಟ್ಟಿನ ಕೆಳಗೆ ಹುರಿ ಉಳಿದಿದ್ದರೆ, ಅದು ತನ್ನಷ್ಟಕ್ಕೆ ಕೆಲಸ ಶುರುಮಾಡುತ್ತದೆ. ನೀರಗಂಟಿಯ ಸಂಪರ್ಕ ಕಡಿದುಹೋಗಿರುವುದರಿಂದ ಗೋಡೆ ಹಿಂಡುವಾಗಲೇ ಬಾಯಿಯೂ ಬಿಗಿಯುತ್ತದೆ. ಹೊರಗೆ ಬರುವುದು ಸ್ವಲ್ಪ, ಒಳಗೆ ಉಳಿಯುವುದು ಬಹಳ. ಮೊದಲ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಗಾಯವಾದ ಸೈನಿಕರಲ್ಲಿ ಬಹುಪಾಲು ಜನ ಸತ್ತದ್ದು ಮೂತ್ರದ ಸೋಂಕು ಮತ್ತು ಮಲಗಿದಲ್ಲೇ ಆಗುವ ಹುಣ್ಣುಗಳಿಂದ. ಇಂಥವರು ಬದುಕಬಲ್ಲರು, ದುಡಿಯಬಲ್ಲರು ಎಂದು ಹಟ ಹಿಡಿದವರು ಜರ್ಮನಿಯಿಂದ ನಿರಾಶ್ರಿತರಾಗಿ ಇಂಗ್ಲೆಂಡಿಗೆ ಬಂದ ಲುಡ್ವಿಗ್ ಗಟ್‌ಮನ್. 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಅವರ ವಾರ್ಡು ಶುರುವಾಯಿತು. ಇಂದಿನ ಪ್ಯಾರಾಲಿಂಪಿಕ್ಸ್ ಹುಟ್ಟಿದ್ದು ಆ ಆಸ್ಪತ್ರೆಯ ಅಂಗಳದಲ್ಲಿ. ಗಾಲಿಕುರ್ಚಿಯ ಬಿಲ್ಲುಗಾರರ ಫೋಟೋ ನಮಗೆ ಪರಿಚಿತ. ಅವರು ಅಲ್ಲಿಯವರೆಗೆ ಬದುಕಿದ್ದರ ಹಿಂದೆ ಮೂತ್ರಕೋಶವನ್ನು ಶುಚಿಯಾಗಿ, ಹೊತ್ತುಹೊತ್ತಿಗೆ ಖಾಲಿ ಮಾಡಿಸಿದ ನರ್ಸುಗಳ ಕೈಗಳಿವೆ.

ಕೊನೆಗೌಡನಿಗೆ ಮೊದಲು ಕಾಯಂ ಪೈಪು ಹಾಕಿ, ಯೂರಿನ್ ಬ್ಯಾಗ್ ಕಟ್ಟಿ ಕಳಿಸಿದ್ದರು. ಮೇಲಿಂದ ಮೇಲೆ ಚಳಿಜ್ವರ. ಕಡೆಗೆ ವೆಲ್ಲೂರಿಗೆ ಹೋದ. ಅಲ್ಲಿನ ಪುನರ್ವಸತಿ ಕೇಂದ್ರವನ್ನು ಕಟ್ಟಿದ ಡಾ. ಮೇರಿ ವರ್ಗೀಸ್ 1954ರಲ್ಲಿ ವಾಹನ ಅಪಘಾತದಲ್ಲಿ ತಾವೇ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರು. ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದವರು. ವೆಲ್ಲೂರಿನಿಂದ ಅವನು ಕಲಿತು ಬಂದದ್ದು ಬಹಳ ಸರಳ ವಿದ್ಯೆ. ಸೋಪು ಹಚ್ಚಿ ಕೈ ತೊಳೆದು, ತೆಳುವಾದ ಪೈಪನ್ನು ತಾನೇ ಒಳಗೆ ಸೇರಿಸಿ, ಖಾಲಿ ಮಾಡಿ, ತೆಗೆದು, ತೊಳೆದು, ಒಣಗಿಸಿ ಡಬ್ಬಿಯಲ್ಲಿಡುವುದು. ನಾಲ್ಕರಿಂದ ಆರು ಗಂಟೆಗೊಮ್ಮೆ. ಅಮೆರಿಕದ ಜ್ಯಾಕ್ ಲ್ಯಾಪಿಡೆಸ್ 1972ರಲ್ಲಿ ಈ ಕ್ರಮವನ್ನು ಮುಂದಿಟ್ಟಾಗ ಹಲವು ವೈದ್ಯರಿಗೆ ನಂಬಿಕೆ ಬರಲಿಲ್ಲ. ಆಪರೇಷನ್ ಕೋಣೆಯಷ್ಟು ಶುದ್ಧಿ ಇಲ್ಲದೆ ಮನೆಯಲ್ಲೇ ಇದನ್ನು ಮಾಡಿಕೊಂಡರೆ ಸೋಂಕು ಹೆಚ್ಚುವುದಿಲ್ಲವೇ ಎಂದು ಅವರ ಪ್ರಶ್ನೆ. ಲ್ಯಾಪಿಡೆಸ್ ಕಂಡುಕೊಂಡಿದ್ದು ಬೇರೆ: ಚೀಲ ಅತಿಯಾಗಿ ತುಂಬಿ ಹಿಗ್ಗಿ, ಅದರ ಗೋಡೆಯ ರಕ್ತಸಂಚಾರ ಕುಗ್ಗುವುದೇ ಸೋಂಕಿಗೆ ದೊಡ್ಡ ದಾರಿ. ಹೊತ್ತಿಗೆ ಸರಿಯಾಗಿ ಖಾಲಿಯಾದರೆ ಮೈ ತನ್ನನ್ನು ತಾನು ಕಾಯ್ದುಕೊಳ್ಳುತ್ತದೆ. ಎಷ್ಟು ಜನರ ಮೂತ್ರಪಿಂಡ ಉಳಿಸಿದ ಮಾತು ಅದು!

ಅವನ ಮನೆಗೆ ಹೋದಾಗ ನಾನು ನೋಡಿದ್ದೇನೆ. ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಾನೆ. ಮಾತಿನ ನಡುವೆ ಮೊಬೈಲು ಕೂಗುತ್ತದೆ. ಮೆಟ್ಟುಗತ್ತಿ ಬದಿಗಿಟ್ಟು ‘ಗಂಟೆ ಆಯ್ತು ಅಕ್ಕೋರೆ, ಒಂದು ಗಳಿಗೆ ಕೂತಿರಿ’ ಎನ್ನುತ್ತಾನೆ. ಗಾಲಿಕುರ್ಚಿ ಒಳಗೆ ಹೋಗುತ್ತದೆ, ಬಚ್ಚಲಲ್ಲಿ ನಲ್ಲಿಯ ಸದ್ದು, ಸ್ವಲ್ಪ ಹೊತ್ತಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬರುತ್ತಾನೆ. ಚೀಲ ತುಂಬಿದ್ದು ಅವನಿಗೆ ತಿಳಿಯುವುದಿಲ್ಲ, ಗಡಿಯಾರ ತಿಳಿಸಬೇಕು. ಬೆನ್ನುಹುರಿ ನೆಟ್ಟಗಿದ್ದೂ ಹೀಗೆ ಗಡಿಯಾರ ನೋಡಿ ಬದುಕುವವರಿದ್ದಾರೆ. ಸ್ಪರ್ಶವನ್ನು ಗ್ರಹಿಸುವ ಪೀಜೋ-2 ಎಂಬ ಪ್ರೋಟೀನು ಹುಟ್ಟಿನಿಂದಲೇ ಇಲ್ಲದವರಿಗೆ ಮೂತ್ರಕೋಶ ಹಿಗ್ಗಿದ ಸುದ್ದಿ ಸರಿಯಾಗಿ ಬರುವುದಿಲ್ಲ ಎಂದು 2020ರಲ್ಲಿ ಗೊತ್ತಾಯಿತು. ಆ ಸಂಶೋಧನೆ ನಡೆಸಿದವರಲ್ಲಿ ಒಬ್ಬರಾದ ಆರ್ಡೆಮ್ ಪಟಪೂಟಿಯನ್ ಮರುವರ್ಷವೇ, ಸ್ಪರ್ಶಗ್ರಾಹಕಗಳನ್ನು ಕಂಡುಹಿಡಿದದ್ದಕ್ಕಾಗಿ, ನೊಬೆಲ್ ಹಂಚಿಕೊಂಡರು.

ಮನೆಯಲ್ಲಿ ಗಡಿಯಾರ ಸಾಕು. ಊರು ಬಿಟ್ಟರೆ ಮತ್ತೆ ಜಾಗದ ಪ್ರಶ್ನೆ. ತಪಾಸಣೆಗೆಂದು ಅವನು ಆಗಾಗ ಶಿರಸಿಯಿಂದ ಮುಂಡಗೋಡದ ಮೇಲೆ ಹುಬ್ಬಳ್ಳಿಗೆ ಹೋಗಬೇಕು. ದಾರಿಯಲ್ಲಿ ಒಮ್ಮೆಯಾದರೂ ಖಾಲಿ ಮಾಡಬೇಕು, ಕೈ ತೊಳೆಯಲು ನೀರು ಬೇಕು, ಗಾಲಿಕುರ್ಚಿ ಒಳಗೆ ಹೋಗುವಷ್ಟು ಬಾಗಿಲು ಬೇಕು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅವನೊಂದು ಪಟ್ಟಿ ಬರೆದಿಟ್ಟಿದ್ದಾನೆ: ಯಾವ ಬಸ್‌ಸ್ಟ್ಯಾಂಡು, ಯಾವ ಪೆಟ್ರೋಲ್ ಬಂಕು, ಎಲ್ಲಿ ನಲ್ಲಿಯಲ್ಲಿ ನೀರಿದೆ, ಎಲ್ಲಿ ಒಂದು ಮೆಟ್ಟಿಲು ಅಡ್ಡ ಬರುತ್ತದೆ, ಎಲ್ಲಿ ಚಿಲಕ ಗಟ್ಟಿಯಿದೆ, ಎಲ್ಲಿ ರಾತ್ರಿ ದೀಪವಿಲ್ಲ. ನಮ್ಮ ಊರಿನ ಸ್ತ್ರೀಶಕ್ತಿ ಸಂಘದವರು ತರಬೇತಿಗೆಂದು ಧಾರವಾಡಕ್ಕೆ ಹೊರಟಾಗ ಅದನ್ನು ಫೋಟೋ ತೆಗೆದುಕೊಂಡು ಹೋದರು. ಬಂದವರು ಎರಡು ಕಡೆ ತಿದ್ದುಪಡಿ ಹೇಳಿದರು, ಹೊಸದೊಂದು ಹೆಸರು ಸೇರಿಸಿದರು. ಚಿಲಕ ಕಿತ್ತುಹೋಗಿದ್ದ ಒಂದು ಕಡೆಯಂತೂ ಅಲ್ಲಿನ ಗುಮಾಸ್ತರ ಎದುರು ನಿಂತು, ಬಡಗಿಯನ್ನು ಕರೆಸುವವರೆಗೆ ಬಸ್ಸು ಹತ್ತಿರಲಿಲ್ಲ.